ಒಂಬತ್ತು ವ್ಯಾಟಿನ ಇಂಧನ ಸಚಿವ

ನಮ್ಮ ಮನೆಯಲ್ಲಿ ಖಾತೆಗಳ ಹಂಚಿಕೆ ಮದುವೆಯಾದ ವರ್ಷವೇ ಮುಗಿದುಹೋಯಿತು. ಹಣಕಾಸು ಹೆಂಡತಿಗೆ, ಗೃಹ ಅಮ್ಮನಿಗೆ. ಆಹಾರ ಮತ್ತು ನಾಗರಿಕ ಸರಬರಾಜು ಇಬ್ಬರ ಜಂಟಿ ಹೊಣೆ. ಅದರಲ್ಲಿ ಭಿನ್ನಮತ ಎದ್ದ ದಿನ ನಾನು ಹೋಟೆಲಿಗೆ ಹೋಗಬೇಕು. ಯಾರಿಗೂ ಬೇಡವಾಗಿ ಉಳಿದಿದ್ದ ಇಂಧನ ಖಾತೆ ನನ್ನ ಪಾಲಿಗೆ ಬಂತು. ಗ್ಯಾಸ್ ಬುಕ್ ಮಾಡುವುದು, ಫ್ಯೂಸ್ ಹೋದಾಗ ಮೇಣದ ಬತ್ತಿ ಹುಡುಕುವುದು, ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಹೋಗಿ ಆರಿಸಿ ಎಲ್ಲರಿಗೂ ಕೇಳುವಂತೆ ಗೊಣಗುವುದು, ಇವಿಷ್ಟೇ ನನ್ನ ಅಧಿಕಾರವ್ಯಾಪ್ತಿ. ಈ ಮೂರನೆಯ ಬಾಬತ್ತಿನಲ್ಲಿ ನನ್ನ ನಿಷ್ಠೆ ಎಂಥದೆಂದರೆ, ಅಮ್ಮ ಬಚ್ಚಲಲ್ಲಿ ಇದ್ದಾಗಲೂ ಆರಿಸಿದ್ದೇನೆ.

ಚಾಳಿ ಅಪ್ಪನದು. ಅವರ ಕಾಲದಲ್ಲಿ ಬಲ್ಬು ಕೊಳ್ಳುವುದಕ್ಕೆ ತಲೆ ಬೇಕಿರಲಿಲ್ಲ. ನಡುಮನೆಗೆ ಅರವತ್ತು ಕ್ಯಾಂಡಲ್, ಅಡುಗೆಮನೆಗೆ ನಲವತ್ತು, ಬಚ್ಚಲಿಗೆ ಇಪ್ಪತ್ತೈದು, ಮಲಗುವ ಕೋಣೆಗೆ ಝೀರೋ ಕ್ಯಾಂಡಲ್. ಅಂಗಡಿಯವನು ಹಲಗೆಗೆ ಹೊಡೆದ ಹೋಲ್ಡರಿಗೆ ಬಲ್ಬು ಸಿಕ್ಕಿಸಿ, ಒಮ್ಮೆ ಉರಿಸಿ ತೋರಿಸಿ, ಕೊಡುತ್ತಿದ್ದ. ಬಲ್ಬು ಮೈಸೂರು ಲ್ಯಾಂಪ್ಸ್‌ನದೇ ಆಗಬೇಕು ಎಂದು ಅಪ್ಪನ ಹಟ. 1936ರಲ್ಲಿ ಶುರುವಾದ ಕಾರ್ಖಾನೆ, ಅರಸರ ಕಾಲದ್ದು. ಅದು ಬೆಂಗಳೂರಿನ ಮಲ್ಲೇಶ್ವರದಲ್ಲಿತ್ತು ಎಂಬುದು ಮೈಸೂರಿನವರಾದ ನಮ್ಮ ಅಭಿಮಾನಕ್ಕೆ ಎಂದೂ ಅಡ್ಡಿ ಬರಲಿಲ್ಲ.

ಬಲ್ಬು ಹೋಯಿತೆಂದು ಎಸೆಯುವಂತೆಯೂ ಇರಲಿಲ್ಲ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಬೇಕು. ಒಳಗೆ ತುಂಡಾದ ತಂತಿಯ ತುದಿ ಇನ್ನೊಂದು ತುದಿಗೆ ಕೊಂಡಿ ಹಾಕಿಕೊಂಡರೆ, ತಂತಿಯ ಉದ್ದ ಕಡಿಮೆಯಾಗಿ, ಬಲ್ಬು ಮೊದಲಿಗಿಂತ ಪ್ರಕಾಶಮಾನವಾಗಿ ಇನ್ನೊಂದಷ್ಟು ದಿನ ಉರಿಯುತ್ತಿತ್ತು. ಆ ವಿದ್ಯೆಯನ್ನು ಅಪ್ಪ ನನಗೆ ಧಾರೆಯೆರೆದು ಹೋದರು. ಕೆಟ್ಟ ಎಲ್‌ಇಡಿ ಬಲ್ಬನ್ನು ನಾನು ಇವತ್ತಿಗೂ ಕಿವಿಯ ಹತ್ತಿರ ಅಲುಗಿಸುತ್ತೇನೆ. ಅದರಲ್ಲಿ ತಂತಿಯೇ ಇಲ್ಲ ಎಂದು ಗೊತ್ತು. ಕೈ ಕೇಳುವುದಿಲ್ಲ.

ಆ ಝೀರೋ ಬಲ್ಬಿನ ಬಣ್ಣ ಬಯಲಾದದ್ದು ಅಪ್ಪ ಹೋದ ಮೇಲೆ. ಅದು ಸೊನ್ನೆ ಅಲ್ಲ, ಹದಿನೈದು ವ್ಯಾಟಿನ ಆಸುಪಾಸು ತಿನ್ನುವ ಬಲ್ಬು. ಹಳೆಯ ಚಕ್ರದ ಮೀಟರಿಗೆ ಅಷ್ಟು ಸಣ್ಣ ಹೊರೆ ಸರಿಯಾಗಿ ತಾಗುತ್ತಿರಲಿಲ್ಲ, ಹಾಗಾಗಿ ಆ ಹೆಸರು ಎನ್ನುತ್ತಾರೆ. ರಾತ್ರಿ ಎಂಟು ಗಂಟೆ ಉರಿದರೆ ತಿಂಗಳಿಗೆ ಮೂರೂವರೆ ಯೂನಿಟ್ಟಿಗೂ ಹೆಚ್ಚು. ಓದಿ ತಿಳಿದ ರಾತ್ರಿ ಹೆಂಡತಿಯನ್ನು ಎಬ್ಬಿಸಿ ಹೇಳಿದೆ.

"ಮಾವನೋರು ಸೊನ್ನೆ ಅಂದ್ಕೊಂಡು ನೆಮ್ಮದಿಯಾಗಿ ನಿದ್ದೆ ಮಾಡಿದ್ರು. ನೀವು ಮೂರೂವರೆ ಯೂನಿಟ್ಟು ಅಂತ ಎದ್ದು ಕೂತಿದ್ದೀರಿ" ಎಂದು ಮಗ್ಗುಲು ಬದಲಿಸಿದಳು.

ನನ್ನ ಆಡಳಿತದ ಮೊದಲ ಸುಧಾರಣೆ ಸಿಎಫ್‌ಎಲ್. ಸುರುಳಿ ಸುತ್ತಿದ ಆ ಗಾಜಿನ ಕೊಳವೆ ಹದಿನೈದು ವ್ಯಾಟಿನಲ್ಲಿ ಅರವತ್ತರ ಬೆಳಕು ಕೊಡುತ್ತಿತ್ತು, ಆದರೆ ಸಾವಕಾಶವಾಗಿ ಕೊಡುತ್ತಿತ್ತು. ಸ್ವಿಚ್ ಒತ್ತಿದ ಮೇಲೆ ಪೂರ್ತಿ ಬೆಳಗಲು ಅದಕ್ಕೆ ಸಮಯ ಬೇಕು; ಬಚ್ಚಲಲ್ಲಿ ಅದು ಕಣ್ಣು ಬಿಡುವ ಹೊತ್ತಿಗೆ ಒಳಗಿದ್ದವರು ಹೊರಗೆ ಬಂದು ಟವೆಲ್ ಹರವುತ್ತಿರುತ್ತಿದ್ದರು. ಅದೂ ಸರಿಯೇ. ಒಂದು ಸಂಜೆ ಬಲ್ಬು ಬದಲಿಸುವಾಗ ಕೈಜಾರಿ ಬಿದ್ದು ಒಡೆಯಿತು. ಸಿಎಫ್‌ಎಲ್ ಒಳಗೆ ಪಾದರಸ ಇರುತ್ತದೆ ಎಂದು ನಾನು ಓದಿದ್ದೆ. ಓದಿದವನ ಮನೆಯಲ್ಲಿ ಗಾಜು ಒಡೆಯಬಾರದು.

"ಪೊರಕೆ ಮುಟ್ಟಬೇಡಿ! ಎಲ್ಲಾ ಹೊರಗೆ ನಡೀರಿ!" ಎಂದು ಕೂಗಿದೆ. ಕಿಟಕಿಗಳನ್ನೆಲ್ಲ ತೆರೆದು, ಫ್ಯಾನು ಆರಿಸಿ, ಅಮ್ಮನನ್ನು ಕುರ್ಚಿಸಮೇತ ಬೀದಿಗೆ ತಂದೆ. ಗ್ಯಾಸ್ ಸೋರಿಕೆ ಎಂದುಕೊಂಡು ಎರಡು ಮನೆಯವರು ಅವರಾಗಿಯೇ ಹೊರಗೆ ಬಂದು ನಿಂತರು. ನಾನು ಮೂಗಿಗೆ ಹೆಂಡತಿಯ ದುಪಟ್ಟಾ ಕಟ್ಟಿಕೊಂಡು, ಮದುವೆಯ ಕರೆಯೋಲೆಯೊಂದರ ದಪ್ಪ ರಟ್ಟಿನಿಂದ ಚೂರುಗಳನ್ನು ಗೋರಿ, ಸಣ್ಣ ಪುಡಿಯನ್ನು ಅಂಟುಪಟ್ಟಿಯಿಂದ ಒತ್ತಿ ಎತ್ತಿದೆ. ವಿಧಾನ ಸರಿಯಾಗಿಯೇ ಇತ್ತು, ಇವತ್ತಿಗೂ ಅದನ್ನೇ ಹೇಳುತ್ತಾರೆ. ಹೊರಗೆ ಬಂದಾಗ ಪಕ್ಕದ ಬೀದಿಯ ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು ಅಮ್ಮನ ಕುರ್ಚಿಯ ಪಕ್ಕ ನಿಂತಿದ್ದರು.

"ಇದರಲ್ಲಿರೋದು ಹೆಚ್ಚೆಂದರೆ ಐದು ಮಿಲಿಗ್ರಾಂ ಕಣಯ್ಯಾ. ಜ್ವರ ನೋಡೋ ಹಳೇ ಗಾಜಿನ ಕಡ್ಡಿ ಇಟ್ಟಿದ್ದೀಯಾ?"

"ಇದೆ ಸಾರ್, ಬೀರುವಿನಲ್ಲಿ."

"ಅದರಲ್ಲಿ ಇದರ ನೂರರಷ್ಟಿದೆ. ಅದನ್ನ ಬಾಯಲ್ಲಿ ಇಟ್ಕೊಂಡು ಬೆಳೆದೋನು ನೀನು."

ಬೀದಿಯವರೆಲ್ಲ ಒಳಗೆ ಹೋದರು. ಮೇಷ್ಟ್ರು ಮಾತ್ರ ಕಾಫಿ ಆಗುವವರೆಗೆ ಇದ್ದರು.

2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನ ನೀಲಿ ಎಲ್‌ಇಡಿ ಮಾಡಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ ಬಂತು. ಕೆಂಪು, ಹಸಿರು ಎಲ್‌ಇಡಿಗಳು ಮೊದಲಿನಿಂದಲೂ ಇದ್ದವು. ನೀಲಿ ಸಿಕ್ಕಿದ ಮೇಲೇ ಅದರ ಮೇಲೆ ಹಳದಿ ರಂಜಕದ ಲೇಪ ಕೊಟ್ಟು ಬಿಳಿ ಬೆಳಕು ಬರಿಸಲು ದಾರಿಯಾದದ್ದು. ಇದನ್ನು ಪತ್ರಿಕೆಯಲ್ಲಿ ಓದಿದ ವಾರವೇ ನಾನು ಒಂಬತ್ತು ವ್ಯಾಟಿನ ಒಂದು ಎಲ್‌ಇಡಿ ಬಲ್ಬನ್ನು ಐನೂರು ರೂಪಾಯಿ ತೆತ್ತು ತಂದೆ. ಹಣಕಾಸು ಇಲಾಖೆ ವಿವರಣೆ ಕೇಳಿತು.

"ನೊಬೆಲ್ ಬಂದಿರೋ ಬಲ್ಬು ಇದು" ಎಂದೆ.

"ಬಹುಮಾನ ಅವರಿಗೆ ಬಂತು, ಬಿಲ್ಲು ನಮಗೆ ಬಂತು."

ನಾನು ಕಾಗದ ಪೆನ್ನು ತೆಗೆದೆ. ಅರವತ್ತು ವ್ಯಾಟಿನ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಒಂಬತ್ತು ವ್ಯಾಟಿನದು 1.35. ಉಳಿತಾಯ 7.65 ಯೂನಿಟ್. ಯೂನಿಟ್ಟಿಗೆ ಐದು ರೂಪಾಯಿ ಹಿಡಿದರೂ ತಿಂಗಳಿಗೆ ಮೂವತ್ತೆಂಟು ರೂಪಾಯಿ. ಹದಿಮೂರು ತಿಂಗಳಲ್ಲಿ ಐನೂರು ವಾಪಸ್, ಆಮೇಲೆ ಎಲ್ಲ ಲಾಭ. ಕೆಳಗೆ ಎರಡು ಗೆರೆ ಎಳೆದು ಕಾಗದವನ್ನು ಸಭೆಯ ಮುಂದಿಟ್ಟೆ.

ಆಗ ಒಂಬತ್ತನೆಯ ತರಗತಿಯಲ್ಲಿದ್ದ ಮಗಳು ಇಣುಕಿ ನೋಡಿ, "ಅಪ್ಪಾ, ಅಲ್ಲಿ ಇದ್ದಿದ್ದು ಅರವತ್ತರ ಬಲ್ಬಲ್ಲ, ಹದಿನೈದರ ಸಿಎಫ್‌ಎಲ್" ಎಂದಳು. ಅವಳೇ ಪೆನ್ನು ತೆಗೆದುಕೊಂಡು ಪಕ್ಕದಲ್ಲಿ ಬರೆದಳು. ಸಿಎಫ್‌ಎಲ್ 2.25, ಎಲ್‌ಇಡಿ 1.35, ಉಳಿತಾಯ 0.9 ಯೂನಿಟ್, ನಾಲ್ಕೂವರೆ ರೂಪಾಯಿ. ಐನೂರು ವಾಪಸ್ ಬರಲು ಒಂಬತ್ತು ವರ್ಷ ಮೂರು ತಿಂಗಳು.

"ಅಷ್ಟರಲ್ಲಿ ನಿನ್ನ ಮದುವೆಗೆ ದೀಪಾಲಂಕಾರಕ್ಕೆ ಆಗುತ್ತೆ" ಎಂದಳು ಹೆಂಡತಿ.

ಅವಳ ಮದುವೆಯವರೆಗೆ ಬಲ್ಬು ಕಾಯಲಿಲ್ಲ. ಡಬ್ಬಿಯ ಮೇಲೆ 25,000 ಗಂಟೆ ಎಂದು ಬರೆದಿತ್ತು. ನಮ್ಮ ಲೆಕ್ಕಕ್ಕೆ ಹದಿಮೂರು ವರ್ಷಕ್ಕೂ ಹೆಚ್ಚು. ಆದರೆ ನಾನು ಅದನ್ನು ನಡುಮನೆಯ ಚಾವಣಿಗೆ ಅಂಟಿದ, ಎಲ್ಲ ಕಡೆ ಮುಚ್ಚಿದ ಗಾಜಿನ ಬುಡ್ಡಿಯೊಳಗೆ ಕೂರಿಸಿದ್ದೆ. ಎಲ್‌ಇಡಿ ಮುಂದಕ್ಕೆ ಬಿಸಿ ಚೆಲ್ಲುವುದಿಲ್ಲ, ನಿಜ. ಆದರೆ ಅದರ ಕುತ್ತಿಗೆಯಲ್ಲಿ ಡ್ರೈವರ್ ಎಂಬ ಸಣ್ಣ ಸರ್ಕ್ಯೂಟ್ ಇರುತ್ತದೆ, ಅದಕ್ಕೆ ಗಾಳಿ ಬೇಕು. ಸಾಯುವುದು ಸಾಮಾನ್ಯವಾಗಿ ಅದೇ. ಬೆಳಕು ಕೊಡುವ ಹರಳುಗಳು ಗಟ್ಟಿಯಾಗಿಯೇ ಉಳಿದಿರುತ್ತವೆ. ವಾರಂಟಿ ಇತ್ತು. ಬಿಲ್ಲನ್ನು ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು ಕಾಪಾಡಿದ್ದೆ. ಅಂಗಡಿಯಲ್ಲಿ ತೆಗೆದು ನೋಡಿದರೆ ಮೆಷೀನಿನ ಆ ನುಣುಪು ಕಾಗದದಿಂದ ಅಕ್ಷರಗಳೆಲ್ಲ ಆವಿಯಾಗಿದ್ದವು. ಬಲ್ಬಿಗಿಂತ ಮೊದಲು ಬಿಲ್ಲು ಆರಿತ್ತು.

ಇತ್ತ ಬಲ್ಬಿನ ಬೆಲೆ ನಾನು ಕೊಂಡ ಗಳಿಗೆಯಿಂದಲೇ ಇಳಿಯತೊಡಗಿತು. 2014ರಲ್ಲಿ ಕೇಂದ್ರ ಸರ್ಕಾರದ ಸಂಸ್ಥೆ ಒಂದು ಬಲ್ಬಿಗೆ 310 ರೂಪಾಯಿಯಂತೆ ಸಗಟು ಖರೀದಿ ಮಾಡಿತ್ತು. ಎರಡು ಮೂರು ವರ್ಷದೊಳಗೆ ಅದೇ ಖರೀದಿ ಬೆಲೆ 38 ರೂಪಾಯಿಗೆ ಬಂತು. ನಾನು ಷೇರು ಕೊಂಡಾಗಲೂ ಹೀಗೇ ಆಗುತ್ತದೆ, ಆದ್ದರಿಂದ ಬಂಧುಗಳು ನಾನು ಏನು ಕೊಳ್ಳುತ್ತಿದ್ದೇನೆ ಎಂದು ವಿಚಾರಿಸಿಕೊಂಡು ಅದನ್ನು ಮಾರುತ್ತಾರೆ. ಹಾಗೆ ಸಗಟಿನಲ್ಲಿ ಕೊಂಡ ಬಲ್ಬನ್ನು ಮನೆಮನೆಗೆ ಅಗ್ಗವಾಗಿ ಕೊಡುವ ಸರ್ಕಾರಿ ಯೋಜನೆ ಕರ್ನಾಟಕದಲ್ಲಿ 2015ರ ಕೊನೆಗೆ 'ಹೊಸ ಬೆಳಕು' ಎಂಬ ಹೆಸರಿನಲ್ಲಿ ಬಂದಾಗ ಒಂಬತ್ತು ವ್ಯಾಟಿನ ಬಲ್ಬು ನೂರು ರೂಪಾಯಿ. ಕರೆಂಟ್ ಬಿಲ್ಲು, ಗುರುತಿನ ಚೀಟಿ ಹಿಡಿದು ಸಾಲಿನಲ್ಲಿ ನಿಂತು ಮನೆಗೆಲ್ಲ ಆಗುವಷ್ಟು ತಂದೆ. ಬೇಡವೆಂದರೂ ಅಮ್ಮನ ದೇವರಕೋಣೆಗೂ ಒಂದು ಹಾಕಿದೆ.

ಹಾಲು ಬಿಳುಪಿನ ಬೆಳಕು. ಹಗಲಿಗಿಂತ ಹಗಲು. ಮೊದಲ ಸಂಜೆ ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ಒಬ್ಬರ ಮುಖದ ಮೊಡವೆ, ಸುಕ್ಕು, ಬಿಳಿಕೂದಲುಗಳನ್ನು ಇನ್ನೊಬ್ಬರು ಎಣಿಸಿದೆವು. ಇಪ್ಪತ್ತು ವರ್ಷ ಸಂಸಾರ ಮಾಡಿದವರು ಅಷ್ಟು ಸ್ಪಷ್ಟವಾಗಿ ಪರಸ್ಪರ ನೋಡಿಕೊಳ್ಳುವುದು ಕ್ಷೇಮವಲ್ಲ.

ಇದರ ನಡುವೆ ಅಡುಗೆಮನೆಗೆಂದು ಬೀದಿಬದಿಯ ಗಾಡಿಯಿಂದ, ಹೆಸರಿಲ್ಲದ, ಇನ್ನೂ ಅಗ್ಗದ ಒಂದು ಬಲ್ಬು ತಂದಿದ್ದೆ. ಅದನ್ನು ಹಾಕಿದ ಮಾರನೆಯ ದಿನ ಹುಳಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. "ಮೆಣಸಿನಕಾಯಿ ಹಳೇದಾಗಿದೆ, ಬ್ಯಾಡಗಿ ತರಬೇಕು" ಎಂದು ನಾನು ಅಂದದ್ದು ಸಹಜ. ಹೆಂಡತಿ ಅದಕ್ಕೆ ಕೊಟ್ಟ ಉತ್ತರವೂ ಸಹಜ. ಟೊಮೆಟೊ ಕೊಳೆತ ಹಾಗೆ ಕಂಡು ಅಮ್ಮ ಒಂದು ಕೆಜಿ ಹಸುವಿಗೆ ಹಾಕಿಸಿದರು. ಕೊನೆಗೆ ಒಂದು ಸಂಜೆ, ಮುತ್ತೈದೆಯರಿಗೆ ಕೊಡಲು ಕರಡಿಗೆ ತೆಗೆದ ಅಮ್ಮ, "ಇದೇನೋ, ಕುಂಕುಮಕ್ಕೆ ಕಾಫಿಪುಡಿ ಬೆರೆಸಿದಾರೆ" ಎಂದು ಗ್ರಂಥಿಗೆ ಅಂಗಡಿಯವನ ಮೇಲೆ ಜಗಳಕ್ಕೆ ಹೊರಟರು. ಬೆಳಗ್ಗೆ ಅಂಗಳಕ್ಕೆ ತಂದು ನೋಡಿದರೆ ಕುಂಕುಮ ಕೆಂಪಗೇ ಇದೆ.

ಬೆಳಕಿಗೆ ಪ್ರಮಾಣ ಮಾತ್ರವಲ್ಲ, ಗುಣವೂ ಉಂಟು ಎಂದು ಆಮೇಲೆ ಓದಿದೆ. ವಸ್ತುಗಳ ಬಣ್ಣವನ್ನು ಇದ್ದ ಹಾಗೆ ತೋರಿಸುವ ಶಕ್ತಿಗೆ ಸಿಆರ್‌ಐ ಎಂದು ಅಂಕ ಕೊಡುತ್ತಾರೆ. ತಂತಿಯ ಹಳೇ ಬಲ್ಬಿಗೆ ಹೆಚ್ಚುಕಡಿಮೆ ನೂರಕ್ಕೆ ನೂರು. ಒಳ್ಳೆಯ ಎಲ್‌ಇಡಿಗೆ ಎಂಬತ್ತರ ಮೇಲೆ. ಕಳಪೆ ಎಲ್‌ಇಡಿ ಮೊದಲು ಫೇಲಾಗುವುದೇ ಕೆಂಪಿನಲ್ಲಿ. ನಮ್ಮ ಸಂಸಾರದಲ್ಲಿ ಕೆಂಪನ್ನು ತೆಗೆದರೆ ಉಳಿಯುವುದು ಮೊಸರನ್ನ.

ಬಣ್ಣ ಬದಲಿಸಲೇಬೇಕು ಎಂದು ತೀರ್ಮಾನವಾದದ್ದು ಒಂದು ಭಾನುವಾರ ಅರಮನೆಯ ಮುಂದೆ. ಊರಿಗೆ ಬಂದ ನೆಂಟರನ್ನು ದೀಪ ತೋರಿಸಲು ಕರೆದೊಯ್ದಿದ್ದೆವು. ಏಳು ಗಂಟೆಗೆ ಲಕ್ಷದಷ್ಟು ಬಲ್ಬು ಒಟ್ಟಿಗೆ ಹೊತ್ತಿಕೊಂಡಾಗ ಎಲ್ಲರೂ ಹೋ ಎಂದರು. ನಾನು ಮನಸ್ಸಿನಲ್ಲೇ ಗುಣಾಕಾರಕ್ಕೆ ಕೂತಿದ್ದೆ. ಅಮ್ಮ ಆ ಹೊನ್ನಿನ ಬಣ್ಣವನ್ನೇ ನೋಡುತ್ತ, "ಅರಸರ ಮನೆಗೂ ಅದೇ ಹಳದಿ ದೀಪ. ನಮ್ಮನೆ ಮಾತ್ರ ಆಪರೇಷನ್ ಥಿಯೇಟರು" ಎಂದರು. ನೆಂಟರು ತಲೆಯಾಡಿಸಿದರು. ಇಂಧನ ಖಾತೆಯ ವಿರುದ್ಧ ಅವಿಶ್ವಾಸ ಅಂಗೀಕಾರವಾಯಿತು.

ಅಂಗಡಿಗೆ ಹೋದೆ, ಈ ಸಲ ಪೂರ್ಣ ತಯಾರಿಯೊಂದಿಗೆ. "ಎಷ್ಟು ವ್ಯಾಟು?" ಎಂದ ಹುಡುಗನಿಗೆ, "ವ್ಯಾಟು ಕೇಳಬಾರದಪ್ಪ. ವ್ಯಾಟು ಅಂದ್ರೆ ತಿನ್ನೋದು. ಕೊಡೋದು ಎಷ್ಟು ಅಂತ ನೋಡಬೇಕು, ಅದಕ್ಕೆ ಲ್ಯೂಮೆನ್ ಅಂತಾರೆ. ಎಂಟುನೂರು ಲ್ಯೂಮೆನ್ ಸಾಕು. ಬಣ್ಣ 2700 ಕೆಲ್ವಿನ್" ಎಂದೆ.

"ಬಿಳೀದಾ, ಹಳದೀದಾ ಸಾರ್?"

"ವಾರ್ಮ್. 6500 ಕೆಲ್ವಿನ್ ಅಂದ್ರೆ ಬಿಳಿ, ಅದು ಕೂಲ್. ಅಂಕಿ ಹೆಚ್ಚಾದಷ್ಟೂ ತಂಪು."

ಹುಡುಗ ಒಳಗಿದ್ದ ಮಾಲೀಕರ ಕಡೆ ನೋಡಿದ. ಅವರು ಕನ್ನಡಕ ಎತ್ತಿ, "ಬಿಸಿ ಬೇಕಿದ್ರೆ ಗೀಸರ್ ಸೆಕ್ಷನ್ ಮೇಲ್ಗಡೆ ಇದೆ ಸಾರ್" ಎಂದರು.

ಅವಮಾನವಾಗಿ ಮನೆಗೆ ಬಂದು ಆನ್‌ಲೈನಿನಲ್ಲಿ ತರಿಸಿದೆ. ಲ್ಯೂಮೆನ್ ನೋಡಿದೆ, ಕೆಲ್ವಿನ್ ನೋಡಿದೆ, ಸಿಆರ್‌ಐ ನೋಡಿದೆ, ವಾರಂಟಿ ನೋಡಿದೆ. ಆರು ಬಲ್ಬಿನ ಪೆಟ್ಟಿಗೆ ಬಂತು. ಎಲ್ಲವೂ ತಿರುಪಿನ ಬಲ್ಬು. ನಮ್ಮ ದೇಶದ ಮನೆಗಳಲ್ಲಿ ಬಹುಪಾಲು ಇರುವುದು ಎರಡು ಮೊಳೆ ಸಿಕ್ಕಿಸಿ ತಿರುಗಿಸುವ ಬಿ22 ಹೋಲ್ಡರ್. ಇವು ಸ್ಕ್ರೂ ಮಾಡುವ ಇ27. ವಾಪಸ್ ಕಳಿಸುವ ಅವಧಿ ನಾನು ಅಳೆದು ಸುರಿದು ನಿರ್ಧರಿಸುವಷ್ಟರಲ್ಲಿ ಮುಗಿಯಿತು. ಅಡಾಪ್ಟರ್ ತರಿಸಿದೆ. ಅಡಾಪ್ಟರಿನ ಮೇಲೆ ಬಲ್ಬು ಕೂತಾಗ ಅದು ದೀಪದ ಛತ್ರಿಯಿಂದ ಕೆಳಗೆ ಇಳಿದು, ಊಟಕ್ಕೆ ಕೂತವರ ಕಣ್ಣಿಗೇ ಹೊಡೆಯತೊಡಗಿತು. ಪೆಟ್ಟಿಗೆ ಅಟ್ಟಕ್ಕೆ ಹೋಯಿತು. ನಾನು ಅದೇ ಅಂಗಡಿಗೆ ಹೋಗಿ, "ಹಳದೀದು" ಎಂದೆ. ಎರಡು ನಿಮಿಷದಲ್ಲಿ ಕೊಟ್ಟರು.

ಹಳದಿ ಬಂದ ಮೇಲೆ ಮನೆ ಶಾಂತವಾಯಿತು ಎನ್ನುವಷ್ಟರಲ್ಲಿ ಓಣಿಯ ಬಲ್ಬು ರಾತ್ರಿ ಉರಿಯತೊಡಗಿತು. ಸ್ವಿಚ್ ಆರಿಸಿದ್ದರೂ ಒಂದು ಮಂಕು ಬೆಳಕು, ಇದ್ದೂ ಇಲ್ಲದಂತೆ. ಮೊದಲು ನೋಡಿದ್ದು ಹೆಂಡತಿ. ಅಪ್ಪನ ವೈದಿಕದ ವಾರ ಅದು. ಯಾರೂ ಏನೂ ಹೇಳಲಿಲ್ಲ, ಆದರೆ ಅಮ್ಮ ಬಲ್ಬಿನ ಕೆಳಗೆ ನಿಂತು, "ಅರ್ಧ ವ್ಯಾಟೂ ವ್ಯರ್ಥ ಮಾಡ್ತಿರಲಿಲ್ಲ ಅವರು" ಎಂದು ಮೇಲೆ ನೋಡಿದರು.

ಕಾರಣ ಇಹಲೋಕದ್ದೇ. ಕತ್ತಲಲ್ಲಿ ಕಾಣಲೆಂದು ಓಣಿಗೆ ಕೆಂಪು ಚುಕ್ಕೆಯ ಸ್ವಿಚ್ ಹಾಕಿಸಿದ್ದೆ. ಆ ಚುಕ್ಕೆ ಹೊತ್ತಿರಲು ಬೇಕಾದ ಎಳೆಯಷ್ಟು ಕರೆಂಟು ಬಲ್ಬಿನ ಮೂಲಕವೇ ಹರಿಯುತ್ತದೆ. ತಂತಿಯ ಬಲ್ಬಿಗೆ ಅದು ತಿಳಿಯುವುದೂ ಇಲ್ಲ, ಎಲ್‌ಇಡಿಗೆ ಅಷ್ಟೇ ಸಾಕು. ಇದನ್ನು ಕಂಡುಹಿಡಿಯಲು ನಾನು ಸ್ಟೂಲಿನ ಮೇಲೆ, ಹೆಂಡತಿ ಟಾರ್ಚ್ ಹಿಡಿದು, ಮಧ್ಯರಾತ್ರಿ ಕಳೆದದ್ದು ಸುಳ್ಳಲ್ಲ. ಮಾರನೆಯ ದಿನ ಬಂದ ಎಲೆಕ್ಟ್ರಿಷಿಯನ್ ಸ್ವಿಚ್ ನೋಡಿದೊಡನೆ ಹೇಳಿದ. ಬದಲಿಸಿ ನಾನೂರು ತೆಗೆದುಕೊಂಡ. ಉಳಿದ ಕರೆಂಟು ವರ್ಷಕ್ಕೆ ಒಂದು ಕಾಫಿಯ ಬೆಲೆಗೂ ಸಾಲದು. ಅಂದು ರಾತ್ರಿ ಅಮ್ಮ ಓಣಿಯಲ್ಲಿ ಎಡವಿದರು. ಆ ಮಂಕು ಬೆಳಕಿನಲ್ಲೇ ಅವರು ಬಚ್ಚಲಿಗೆ ಹೋಗಿಬರುತ್ತಿದ್ದರಂತೆ. ಹಾಗಾಗಿ ಒಂದು ನೈಟ್ ಲ್ಯಾಂಪ್ ತಂದೆ.

ಇಷ್ಟೆಲ್ಲ ಆದರೂ ಮೀಟರು ನನ್ನ ಕೈಬಿಟ್ಟಿರಲಿಲ್ಲ. 2022-23ರಲ್ಲಿ ನಮ್ಮ ತಿಂಗಳ ಸರಾಸರಿ 70 ಯೂನಿಟ್. ಬೀದಿಯಲ್ಲೇ ಕಡಿಮೆ. ಎದುರುಮನೆಯಲ್ಲಿ 180: ಎರಡು ಗೀಸರು, ಬೆಳಗಿನವರೆಗೆ ಉರಿಯುವ ಗೇಟಿನ ದೀಪ. ಆ ಯಜಮಾನರಿಗೆ ನಾನು ಬಲ್ಬಿನ ಬಗ್ಗೆ ಉಪದೇಶ ಮಾಡಿದ್ದೂ ಉಂಟು.

2023ರಲ್ಲಿ ಗೃಹಜ್ಯೋತಿ ಬಂತು. 200 ಯೂನಿಟ್ಟಿನವರೆಗೆ ಉಚಿತ ಎಂದು ಕೇಳಿದವನೇ ನಾನು ಹಿಗ್ಗಿದೆ. ಆಮೇಲೆ ನಿಯಮ ಓದಿದೆ. ಪ್ರತಿ ಮನೆಗೆ 2022-23ರ ಸರಾಸರಿ ಬಳಕೆ, ಅದರ ಮೇಲೆ ಹತ್ತು ಪರ್ಸೆಂಟು. ಅಷ್ಟಕ್ಕೆ ಮಾತ್ರ ಸೊನ್ನೆ ಬಿಲ್ಲು. ಅದನ್ನು ಮೀರಿದರೆ ಮೀರಿದ್ದಕ್ಕೆ ಹಣ. 200 ದಾಟಿದರೆ ಪೂರ್ತಿ ಬಿಲ್ಲು. ನನ್ನ ಮಿತಿ 77. ಎದುರುಮನೆಯ ಮಿತಿ 198. ಸರ್ಕಾರ ಅಳೆದದ್ದು ಹಿಂದಿನ ಬಳಕೆಯನ್ನೇ ಹೊರತು ನನ್ನ ಸಂಯಮವನ್ನಲ್ಲ. ನನ್ನ ಮಿತವ್ಯಯಕ್ಕೆ ಏಳು ಯೂನಿಟ್ ಇನಾಮು, ಅವರ ಧಾರಾಳಕ್ಕೆ ಹದಿನೆಂಟು.

ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನು ಬಚ್ಚಲಲ್ಲಿ ಸೋಪು ಹಚ್ಕೊಂಡು ಕತ್ತಲಲ್ಲಿ ನಿಂತಿದ್ದು ಇದಕ್ಕೇನೋ?" ಎಂದರು.

ದಸರೆಗೆ ಅಕ್ಕನ ಕುಟುಂಬ ಬಂತು. ಎಲ್ಲರಿಗೂ ಬಿಸಿನೀರು ಬೇಕು. ಮಿತಿ ದಾಟಿದ ಬಿಲ್ಲು ಹಿಡಿದು ಪೆಚ್ಚಾಗಿ ಕೂತಿದ್ದ ನನಗೆ, ರಜೆಗೆ ಬಂದಿದ್ದ ಮಗಳು ಒಂದೇ ಒಂದು ಭಾಗಾಕಾರ ಮಾಡಿ ತೋರಿಸಿದಳು. ಗೀಸರ್ 2000 ವ್ಯಾಟು. ಅದು ಒಂದು ಗಂಟೆ ಉರಿದರೆ ನನ್ನ ಒಂಬತ್ತು ವ್ಯಾಟಿನ ಬಲ್ಬು 222 ಗಂಟೆ, ಅಂದರೆ ಒಂಬತ್ತು ಹಗಲು ಒಂಬತ್ತು ರಾತ್ರಿ ಆರದೆ ಉರಿಯಬಹುದು.

"ನವರಾತ್ರಿ ಪೂರ್ತಿ" ಎಂದರು ಅಮ್ಮ.

ಆಮೇಲೊಂದು ಸಂಜೆ ಎದುರುಮನೆಯ ಯಜಮಾನರು ತಾವಾಗಿಯೇ ಬಂದರು. ಮೀಟರು 200ರ ಹತ್ತಿರ ಬಂದಿದೆಯಂತೆ. ಎರಡು ಯೂನಿಟ್ ಜಾಸ್ತಿಯಾದರೆ ಪೂರ್ತಿ ಬಿಲ್ಲು ಕಟ್ಟಬೇಕು, ನೀವು ಈ ವಿಷಯದಲ್ಲಿ ತಿಳಿದವರು, ಒಮ್ಮೆ ಬಂದು ನೋಡಿ ಎಂದರು. ನಾನು ಚಪ್ಪಲಿ ಮೆಟ್ಟಿದ್ದೂ ನೆನಪಿಲ್ಲ.

ಗೀಸರಿನ ಮಾತೆತ್ತಿದೆ. ಆ ಮನೆಯ ಯಜಮಾನಿ, "ಅದು ಬಿಟ್ಟು ಬೇರೆ ಹೇಳಿ" ಎಂದರು. ತಲೆ ಎತ್ತಿ ನೋಡಿದರೆ ಹಾಲಿನಲ್ಲಿ ಆರು ದೀಪ ಇಳಿಬಿಟ್ಟಿದೆ. ಹಳೇ ಕಾಲದ ಬಲ್ಬಿನ ಹೊಸ ಫ್ಯಾಷನ್ನು: ಒಳಗೆ ತಂತಿಯ ಬಳ್ಳಿ ಕೆಂಪಗೆ ಹೊಳೆಯುತ್ತದೆ, ಬೆಳಕು ಕಡಿಮೆ, ಒಂದೊಂದೂ ನಲವತ್ತು ವ್ಯಾಟು. ದಿನಕ್ಕೆ ಆರು ಗಂಟೆ, ತಿಂಗಳಿಗೆ 43 ಯೂನಿಟ್ಟು. ಸ್ಟೂಲು ತರಿಸಿ ಹತ್ತಿ ಒಂದನ್ನು ತಿರುಗಿಸಿದೆ. ಅದು ಸುತ್ತಿಕೊಂಡು ಹೊರಬಂತು. ತಿರುಪಿನ ಬಲ್ಬು!

ಓಡಿಹೋಗಿ ಅಟ್ಟದ ಪೆಟ್ಟಿಗೆ ಇಳಿಸಿದೆ. ಆರಕ್ಕೆ ಆರೂ ಕೂತವು. ತಿಂಗಳಿಗೆ ಹತ್ತು ಯೂನಿಟ್ಟೂ ಆಗದು, ಉಳಿತಾಯ 33 ಎಂದು ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲೇ ಬರೆದು ತೋರಿಸಿದೆ. ಅವರು ಬಹಳ ಮೆಚ್ಚಿದರು, ಕೊಂಡ ಬೆಲೆ ಪೂರ್ತಿ ಕೊಟ್ಟರು. ಅಷ್ಟರಲ್ಲಿ ನಮ್ಮವಳು ಗೇಟಿನ ಹತ್ತಿರ ಬಂದು, "ಅಡಾಪ್ಟರೂ ಇವೆ, ಬೇಕಾದ್ರೆ" ಎಂದಳು.

ಯಜಮಾನರು ಕ್ಯಾಲೆಂಡರಿನ ಅಂಕಿಯನ್ನು ಇನ್ನೊಮ್ಮೆ ನೋಡಿ, "ಹಾಗಾದ್ರೆ ಮೂವತ್ಮೂರು ಯೂನಿಟ್ ಕೈಯಲ್ಲಿ ಉಳೀತು. ಅಷ್ಟರಲ್ಲಿ ಒಂದು ಎ.ಸಿ. ಓಡುತ್ತಾ ಸ್ವಲ್ಪ ಲೆಕ್ಕ ಹಾಕಿ" ಎಂದರು.

ಹಾಕಿಕೊಟ್ಟೆ. ಸಣ್ಣ ಎ.ಸಿ. ಆದರೆ ದಿನಕ್ಕೆ ಒಂದು ಗಂಟೆ ಧಾರಾಳವಾಗಿ ಓಡುತ್ತದೆ. ಏಪ್ರಿಲ್ ಹೊತ್ತಿಗೆ ಹಾಕಿಸುತ್ತಾರಂತೆ. ಮಧ್ಯಾಹ್ನ ಎರಡರಿಂದ ಮೂರು ಎಂದು ಹೊತ್ತನ್ನೂ ನಾನೇ ಗೊತ್ತುಮಾಡಿದ್ದೇನೆ. ಆ ಒಂದು ಗಂಟೆ ಅಲ್ಲೇ ಕೂತು ಮೀಟರು ನೋಡಿಕೊಳ್ಳುವುದಾಗಿ ಒಪ್ಪಿಕೊಂಡಿದ್ದೇನೆ.